ಕಾಡಂಚಿನ ಶಾಲೆ ಮತ್ತು ಕಲಾಶಿಕ್ಷಣ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನು ಕುರಿತು

ಕಲೆಯ ಮೂಲಕ ಮಕ್ಕಳಲ್ಲಿ ಸೃಜನಶೀಲತೆಯನ್ನು ಬೆಳೆಸಬೇಕೆಂಬ ಮಾತು ಶಿಕ್ಷಣ ನೀತಿಯ ಕಡತಗಳಿಗೆ ಹೊಸದೇನಲ್ಲ. ಕೈಕಸುಬನ್ನೇ ಕಲಿಕೆಯ ನಡುಗಂಬವಾಗಿಸಿದ 1937ರ ವಾರ್ಧಾ ಯೋಜನೆಯಿಂದ ಹಿಡಿದು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯವರೆಗೆ ಅದು ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತಲೇ ಇದೆ. ಆದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಮಾತನ್ನು ಪರೀಕ್ಷಿಸಿದರೆ ಒಂದು ವಿಚಿತ್ರ ಸ್ಥಿತಿ ಕಣ್ಣಿಗೆ ಬೀಳುತ್ತದೆ: ಶಾಲೆಯ ಹೊರಗೆ ಕಲೆ ಹೇರಳವಾಗಿದೆ, ಒಳಗೆ ಅದಕ್ಕೆ ವೇಳಾಪಟ್ಟಿಯೂ ಇಲ್ಲ, ಕಲಿಸುವವರೂ ಇಲ್ಲ. ಈ ಎರಡರ ನಡುವಿನ ಅಂತರ ಯಾವುದರಿಂದ ಹುಟ್ಟಿತು, ಅದನ್ನು ಕಡಿಮೆ ಮಾಡಲು ಯಾವ ಸಾಮಗ್ರಿ ಕೈಯಳತೆಯಲ್ಲೇ ಇದೆ ಎಂಬುದು ಈ ಉಪನ್ಯಾಸದ ವಿಷಯ.

ಮೊದಲಿಗೆ ಪ್ರದೇಶದ ಸ್ವರೂಪವನ್ನು ಗಮನಿಸಬೇಕು. ಹಳಿಯಾಳದಲ್ಲಿ ಮರಾಠಿ, ಕೊಂಕಣಿ, ಉರ್ದು ಮನೆಮಾತುಗಳು ಕನ್ನಡದೊಂದಿಗೆ ಬೆರೆತುಕೊಂಡಿವೆ. ಅದರಿಂದ ಈಚೆಗೆ ಬೇರ್ಪಟ್ಟು ತಾಲ್ಲೂಕಾದ ದಾಂಡೇಲಿ, 1950ರ ದಶಕದಲ್ಲಿ ಕಾಗದದ ಕಾರ್ಖಾನೆ ನೆಲೆಯೂರಿದ ಮೇಲೆ ದೇಶದ ನಾನಾ ಮೂಲೆಗಳ ಕಾರ್ಮಿಕರು ಬಂದು ನಿಂತ ಪಟ್ಟಣ. ಹಿಂದೆ ಸೂಪಾ ಎಂದು ಹೆಸರಾಗಿದ್ದ ತಾಲ್ಲೂಕು, ಕಾಳಿ ನದಿಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಪಟ್ಟಣವೇ ಮುಳುಗಿದ್ದರಿಂದ ಜೋಯಿಡಾ ಎಂಬ ಹೆಸರಿನಿಂದ ಮುಂದುವರಿದಿದೆ. ಅಲ್ಲಿನ ಕುಣಬಿಗಳ ಮನೆಗಳು ಕಾಡಿನೊಳಗೆ ನಾಲ್ಕಾರರ ಗುಂಪುಗಳಾಗಿ ಚದುರಿಕೊಂಡಿದ್ದು, ಮನೆಮಾತು ಕೊಂಕಣಿ. ಬಯಲುಸೀಮೆಗೆ ಹೊಂದಿಕೊಂಡ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ನೆಲೆಯಿದ್ದು, ಲಾಸಾದ ಸುತ್ತಮುತ್ತಲಿದ್ದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಮಹಾವಿಹಾರಗಳು ಅಲ್ಲಿ ಮರುಸ್ಥಾಪನೆಗೊಂಡಿವೆ. ಇವುಗಳ ನಡುವೆ, ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೆಂದು ಹೇಳಲಾಗುವ ಸಿದ್ದಿಗಳೂ, ಎಮ್ಮೆ ಸಾಕಣೆಯ ಗೌಳಿಗಳೂ ಇದ್ದಾರೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳವರಿದ್ದು, ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಇಷ್ಟು ಭಾಷೆ, ಇಷ್ಟು ಬಗೆಯ ಬದುಕು ನಾಲ್ಕೇ ತಾಲ್ಲೂಕುಗಳಲ್ಲಿ ಒಟ್ಟಾಗಿರುವ ಸೀಮೆ ಕರ್ನಾಟಕದಲ್ಲಿ ಬೇರೆಡೆ ಸುಲಭವಾಗಿ ಸಿಗಲಾರದು.

ಸೃಜನಶೀಲತೆಯೆಂದರೆ ಏನು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಟರೆ ಚರ್ಚೆ ಹಾದಿ ತಪ್ಪುತ್ತದೆ. ಶಾಲೆಗಳಲ್ಲಿ ಈ ಮಾತನ್ನು ಸಾಮಾನ್ಯವಾಗಿ ಕೆಲವು ಮಕ್ಕಳಿಗೆ ಹುಟ್ಟಿನಿಂದ ಬಂದ ವರವೆಂಬ ಅರ್ಥದಲ್ಲಿ ಬಳಸಲಾಗುತ್ತದೆ. ಭಾರತೀಯ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಇದಕ್ಕಿಂತ ಸೂಕ್ಷ್ಮವಾಗಿ ನೋಡಿದೆ. 11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯ ಹುಟ್ಟಲು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿಯೆಂದರೆ ಸಹಜವಾಗಿ ಒದಗಿದ ಬೀಜರೂಪದ ಸಾಮರ್ಥ್ಯ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರವನ್ನೂ ಹಿಂದಿನವರ ಕೃತಿಗಳನ್ನೂ ಗಮನಿಸಿ ಗಳಿಸಿದ ತಿಳಿವಳಿಕೆ. ಅಭ್ಯಾಸವೆಂದರೆ ಬಲ್ಲವರ ಕೈಕೆಳಗೆ ಮತ್ತೆ ಮತ್ತೆ ಮಾಡಿ ಪಡೆದ ಹದ. ಮುಖ್ಯವಾದ ಸಂಗತಿಯೆಂದರೆ, ಮಮ್ಮಟನು ಇವನ್ನು ಮೂರು ಬೇರೆ ಬೇರೆ ಕಾರಣಗಳೆಂದು ಎಣಿಸದೆ, ಮೂರೂ ಕೂಡಿದ ಒಂದೇ ಕಾರಣವೆಂದು ಎಣಿಸುತ್ತಾನೆ. ಹಾಗಾಗಿ ಶಕ್ತಿಯನ್ನು ಗುರುತಿಸಿ ಬಹುಮಾನ ಕೊಟ್ಟು, ಉಳಿದೆರಡಕ್ಕೆ ಏರ್ಪಾಡೇ ಇಲ್ಲದ ವ್ಯವಸ್ಥೆಯನ್ನು ಸೃಜನಶೀಲತೆಯ ಪೋಷಣೆ ಎನ್ನಲಾಗದು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲೆಗೆ ದೊರೆಯುವ ಅತಿ ದೊಡ್ಡ ಅವಕಾಶವೆಂದರೆ ‘ಪ್ರತಿಭಾ ಕಾರಂಜಿ’. ಕಂಠಪಾಠ, ಛದ್ಮವೇಷ, ಕಥೆ ಹೇಳುವುದು, ಚಿತ್ರಕಲೆ, ಮಣ್ಣಿನ ಮಾದರಿ, ಜಾನಪದ ನೃತ್ಯ ಮೊದಲಾದ ಸ್ಪರ್ಧೆಗಳು ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುತ್ತವೆ. ಹಳ್ಳಿಯ ಮಗುವೊಂದು ಮೈಕಿನ ಮುಂದೆ ನಿಲ್ಲಲು ಇದರಿಂದ ಸಾಧ್ಯವಾಗಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಶಿಕ್ಷಕರು ಇದಕ್ಕಾಗಿ ಸ್ವಂತ ಜೇಬಿನಿಂದ ಬಟ್ಟೆ-ಬಣ್ಣ ತರುವುದೂ ಎಲ್ಲರಿಗೂ ಗೊತ್ತಿರುವುದೇ. ಆದರೂ ಇದು ಆಯ್ಕೆಯ ವ್ಯವಸ್ಥೆ, ಕಲಿಕೆಯ ವ್ಯವಸ್ಥೆಯಲ್ಲ. ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚಿನ ಮಕ್ಕಳು ಕೆಳಗೇ ಉಳಿಯುತ್ತಾರೆ. ಗೆದ್ದ ಮಗುವಿಗೂ ಸ್ಪರ್ಧೆ ಮುಗಿದ ಮರುದಿನದಿಂದ ಅಭ್ಯಾಸದ ದಾರಿ ಇರುವುದಿಲ್ಲ. ನಾಲ್ಕೂ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ, ಜೋಯಿಡಾದ ಒಳಹಳ್ಳಿಯ ಮಗು ಜಿಲ್ಲಾ ಮಟ್ಟ ಮುಟ್ಟಿದರೆ ಘಟ್ಟದ ದಾರಿ ಹಿಡಿದು ಬಹುದೂರ ಹೋಗಬೇಕು ಎಂಬುದು ಬೇರೆ ಮಾತು. ಇನ್ನೊಂದು ತೊಡಕೂ ಇದೆ. ಕಂಠಪಾಠ, ಆಶುಭಾಷಣ, ಕಥನ ಮುಂತಾದ ಸ್ಪರ್ಧೆಗಳೆಲ್ಲ ಶಾಲೆಯ ಭಾಷೆಯನ್ನು ಆಗಲೇ ಗೆದ್ದ ಮಗುವಿಗೆ ಅನುಕೂಲವಾದವು. ಮನೆಯಲ್ಲಿ ಕೊಂಕಣಿಯನ್ನೋ ಗೌಳಿಗಳ ಮರಾಠಿಯನ್ನೋ ಆಡುವ ಮಗು ಅಲ್ಲಿ ಸ್ಪರ್ಧೆ ಶುರುವಾಗುವ ಮೊದಲೇ ಹಿಂದೆ ಬಿದ್ದಿರುತ್ತದೆ.

ಶಾಲೆಯ ಹೊರಗಿನ ಅಭ್ಯಾಸದ ಬಗೆಯನ್ನು ತಿಳಿಯಲು ಸಿದ್ದಿ ಹೆಂಗಸರ ಕೌದಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಉತ್ತರ ಕರ್ನಾಟಕದ ಮನೆಮನೆಗೂ ಪರಿಚಿತವಾದ ಕೌದಿಯನ್ನು ಸಿದ್ದಿಗಳು ಕವಂದಿ ಎನ್ನುತ್ತಾರೆ. ಹಳೆಯ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ಮನೆಮಂದಿಯ ಹಳೆಬಟ್ಟೆಗಳ ತುಂಡುಗಳನ್ನು ಅಂಚು ಮಡಚಿ ಅದರ ಮೇಲಿಟ್ಟು, ಒಂದು ಮೂಲೆಯಿಂದ ಹೊಲಿಗೆ ಆರಂಭವಾಗುತ್ತದೆ. ಉದ್ದಕ್ಕೂ ಸಾಗುವ ಸರಳ ಓಟದ ಹೊಲಿಗೆ ನಾಲ್ಕೂ ಅಂಚುಗಳನ್ನು ಸುತ್ತಿ, ಸುತ್ತಿನಿಂದ ಸುತ್ತಿಗೆ ಒಳಗೊಳಗೆ ಸರಿಯುತ್ತ, ಕೊನೆಗೆ ನಟ್ಟನಡುವೆ ಬಂದು ಮುಗಿಯುತ್ತದೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ, ಅಳತೆಯ ಪಟ್ಟಿಯೂ ಇಲ್ಲ. ಯಾವ ಬಣ್ಣದ ಪಕ್ಕಕ್ಕೆ ಯಾವುದು ಎಂಬ ನಿರ್ಧಾರ ಆ ಕ್ಷಣದಲ್ಲಿ ಕೈಗೆ ಸಿಕ್ಕ ತುಂಡನ್ನೂ ಕಣ್ಣಿಗೆ ಒಪ್ಪಿದ್ದನ್ನೂ ಅವಲಂಬಿಸಿದ್ದು. ಆದರೆ ನಿಯಮವೇ ಇಲ್ಲವೆಂದಲ್ಲ. ಹೊಲಿಗೆ ಅಂಚಿನಿಂದ ನಡುವಿಗೇ ಹೋಗಬೇಕು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಚಿದ ‘ಫೂಲ’ ಇರಲೇಬೇಕು, ಅದಿಲ್ಲದ ಕವಂದಿಯನ್ನು ಮುಗಿದ ಕೆಲಸವೆಂದು ಒಪ್ಪುವುದಿಲ್ಲ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆಯೂ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿದ ಮೇಲೆ ಅವು ಪ್ರದರ್ಶನಾಲಯಗಳ ಗೋಡೆಗೇರಿದವು. ಸ್ಥಳೀಯ ಶಾಲೆಯ ಗೋಡೆಗೆ ಅವು ಏರುವುದಕ್ಕೆ ಯಾವ ಸಂಶೋಧನೆಯೂ ಬೇಕಿರಲಿಲ್ಲ.

ಈ ಕೆಲಸದಲ್ಲಿ ಮಗುವಿಗೆ ಕಲಿಯಲು ಏನಿದೆ? ಒಂದು ಆಯತವನ್ನು ಅಸಮ ತುಂಡುಗಳಿಂದ ಎಲ್ಲೂ ತೆರಪಿಲ್ಲದೆ ತುಂಬಿಸುವುದು ಕ್ಷೇತ್ರಫಲದ ಪಾಠ. ಸುತ್ತು ಒಳಗೆ ಸರಿದಂತೆ ಅದರ ಉದ್ದ ಕಡಿಮೆಯಾಗುವುದು ಸುತ್ತಳತೆಯ ಪಾಠ. ಈ ತುಂಡು ಯಾರ ಅಂಗಿಯದು, ಆ ಸೀರೆ ಯಾವ ಹಬ್ಬದ್ದು ಎಂದು ಹೇಳುವುದು ಮನೆಯ ಚರಿತ್ರೆ ಬರೆಯುವ ಮೊದಲ ಹೆಜ್ಜೆ. ಆದರೆ ಕಲೆಯನ್ನು ಗಣಿತ ಕಲಿಸುವ ನೆಪವಾಗಿ ಮಾತ್ರ ಬಳಸುವುದು ಅದನ್ನು ಸಣ್ಣದು ಮಾಡಿದಂತೆ. ಕವಂದಿ ಕಲಿಸುವ ಹೆಚ್ಚಿನ ಪಾಠವೆಂದರೆ, ಇರುವುದರಲ್ಲೇ ಆಯ್ದು ಜೋಡಿಸಿ, ತಪ್ಪಿದ್ದನ್ನು ಬಿಚ್ಚದೆ ಮುಂದಿನ ತುಂಡಿನಿಂದ ಸರಿದೂಗಿಸಿ, ಕೊನೆಯನ್ನು ಮೊದಲೇ ಕಾಣದೆಯೂ ಕೊನೆ ಮುಟ್ಟಿಸುವ ಧೈರ್ಯ. ನಿಯಮ ಮತ್ತು ಸ್ವಾತಂತ್ರ್ಯ ಎರಡೂ ಒಂದೇ ಬಟ್ಟೆಯಲ್ಲಿ ಸೇರಿರುವ ಈ ಶಿಸ್ತು, ಮುದ್ರಿತ ಚಿತ್ರದ ಗೆರೆಯೊಳಗೆ ಬಣ್ಣ ತುಂಬಿಸುವ ಅಭ್ಯಾಸದಿಂದ ಎಂದಿಗೂ ಬಾರದು.

ಇದಕ್ಕೆ ವಿರುದ್ಧ ದಿಕ್ಕಿನ ಶಿಸ್ತೊಂದು ಮುಂಡಗೋಡದ ವಿಹಾರಗಳಲ್ಲಿದೆ. ಬಣ್ಣದ ಮರಳಿನಿಂದ ರಚಿಸುವ ಮಂಡಲವು ನಡುವಿನಿಂದ ಅಂಚಿಗೆ ಬೆಳೆಯುತ್ತದೆ. ಭಿಕ್ಷುಗಳು ಗೀರುಗಳುಳ್ಳ ಲೋಹದ ಕೊಳವೆಯಲ್ಲಿ ಮರಳು ತುಂಬಿ, ಇನ್ನೊಂದು ಕಡ್ಡಿಯಿಂದ ಅದನ್ನು ಉಜ್ಜಿದಾಗ ಹುಟ್ಟುವ ನಡುಕಕ್ಕೆ ಮರಳು ಸಣ್ಣ ಧಾರೆಯಾಗಿ ಇಳಿಯುತ್ತದೆ. ವಿನ್ಯಾಸವೆಲ್ಲ ಶಾಸ್ತ್ರನಿಯತವಾದ್ದರಿಂದ ರಚಿಸುವವನ ಸ್ವಂತ ಇಚ್ಛೆಗೆ ಎಡೆಯಿಲ್ಲ. ಮುಗಿದ ಮೇಲೆ ಅದನ್ನು ಗುಡಿಸಿ ನೀರಿಗೆ ಬಿಡಲಾಗುತ್ತದೆ. ಇಲ್ಲಿ ಬೆಳೆಯುವುದು ಹೊಸತನಕ್ಕಿಂತ ಹೆಚ್ಚಾಗಿ ಏಕಾಗ್ರತೆ. ಆದರೆ ಅದೇ ವಿಹಾರದ ಅಂಗಳದಲ್ಲಿ ನಡೆಯುವ ತರ್ಕವಾದವನ್ನು ಗಮನಿಸಿದರೆ, ಕಲೆಗೂ ಬುದ್ಧಿಗೂ ನಡುವೆ ಶಾಲೆ ಎಳೆದಿರುವ ಗೆರೆಯೇ ಅಳಿಸಿಹೋಗುತ್ತದೆ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ಕುಳಿತಿರುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ನಿಂತವನು ಒಂದು ಕಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈಯ ಮೇಲೆ ಚಟ್ಟನೆ ತಟ್ಟುತ್ತಾನೆ. ಕುಳಿತವನು ಒಪ್ಪಿದೆ, ಕಾರಣವೇನು, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ ಎಂಬಂಥ ಕೆಲವೇ ಗೊತ್ತಾದ ಉತ್ತರಗಳಲ್ಲಿ ಒಂದನ್ನು ಹೇಳಬೇಕು. ‘ವ್ಯಾಪ್ತಿ’ಯೆಂದರೆ ಹೇತು ಇದ್ದಲ್ಲೆಲ್ಲ ಸಾಧ್ಯವೂ ಇದೆಯೆಂಬ ನಿಯಮ; ಭಾರತೀಯ ನ್ಯಾಯಶಾಸ್ತ್ರದ ಇದೇ ಪರಿಭಾಷೆ ಟಿಬೆಟಿಗೆ ಹೋಗಿ, ಅಲ್ಲಿಂದ ಮರಳಿ ಕರ್ನಾಟಕಕ್ಕೆ ಬಂದಿದೆ. ಹತ್ತಾರು ಜೋಡಿಗಳು ಒಂದೇ ಅಂಗಳದಲ್ಲಿ ಏಕಕಾಲಕ್ಕೆ ವಾದಿಸುವಾಗ ಅದು ತಾಳ, ಅಭಿನಯ, ನಗೆ, ಜಗಳ ಎಲ್ಲ ಸೇರಿದ ರಂಗಪ್ರಯೋಗ. ವ್ಯಾಕರಣವನ್ನೂ ವಿಜ್ಞಾನವನ್ನೂ ಬೆಂಚಿನ ಮೇಲೆ ಅಲುಗಾಡದೆ ಕುಳಿತು ಕಲಿಯಬೇಕೆಂಬ ನಂಬಿಕೆಯನ್ನು ಬಿಡಲು, ಕೆಲವೇ ಕಿಲೋಮೀಟರ್ ದೂರದ ಕನ್ನಡ ಶಾಲೆಗೆ ಇದಕ್ಕಿಂತ ಜೀವಂತ ನಿದರ್ಶನ ಬೇಕಿಲ್ಲ.

ರಂಗಭೂಮಿಯ ಕಡೆಯಿಂದ ಈ ಸೀಮೆಯಲ್ಲಿ ಒಂದು ಪ್ರಯೋಗ ಆಗಲೇ ನಡೆದಿದೆ. 1980ರ ದಶಕದ ಮಧ್ಯಭಾಗದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯು ‘ಜನಸ್ಪಂದನ’ ಎಂಬ ಯೋಜನೆಯ ಅಂಗವಾಗಿ, ಮುಂಡಗೋಡಕ್ಕೆ ತಾಗಿದ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿಕೊಂಡು ನಾಟಕ ಕಟ್ಟಿತು. ಚಿದಂಬರರಾವ್ ಜಂಬೆ ನಿರ್ದೇಶಿಸಿದ ಆ ನಾಟಕ ‘ಕಪ್ಪು ಜನರ ಕೆಂಪು ನೆರಳು’. ಅದಕ್ಕೆ ಆಧಾರ, ನೈಜೀರಿಯಾದ ಲೇಖಕ ಚಿನುವ ಅಚೀಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು ಕನ್ನಡದಲ್ಲಿ ಆಡಿದರು. ಇದರ ಫಲ ಒಂದೆರಡು ಪ್ರದರ್ಶನಗಳಿಗೆ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಸಿದ್ದಿ ಸಮುದಾಯದಿಂದ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಹೋಗಿ ತರಬೇತಿ ಪಡೆದವರು ಬಂದರು. ಗಿರಿಜಾ ಸಿದ್ದಿ ರಂಗಭೂಮಿಯಲ್ಲೂ, ಪ್ರಶಾಂತ್ ಸಿದ್ದಿ ಕನ್ನಡ ಚಿತ್ರರಂಗದಲ್ಲೂ ಹೆಸರಾದರು. ಮಮ್ಮಟನ ಮಾತಿನಲ್ಲಿ ಹೇಳುವುದಾದರೆ, ಶಕ್ತಿ ಕಾಡಿನಲ್ಲಿ ಮೊದಲೂ ಇತ್ತು. ಹೆಗ್ಗೋಡು ಒದಗಿಸಿದ್ದು ನಿಪುಣತೆ ಮತ್ತು ಅಭ್ಯಾಸ. ಅದೇ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟ-ಜಿಗಿತಗಳಿಗಾಗಿ ಆಯ್ದು ತರಬೇತಿಗೆ ಕರೆದೊಯ್ದು, ಕೆಲವು ವರ್ಷಗಳ ಬಳಿಕ ಯೋಜನೆಯನ್ನೇ ನಿಲ್ಲಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟ: ಒಂದು ಕಡೆ ಪದಕದ ನಿರೀಕ್ಷೆಯಿಂದ ಮೈಕಟ್ಟನ್ನು ನೋಡಲಾಯಿತು, ಇನ್ನೊಂದು ಕಡೆ ಜನರಿಗೆ ಹೇಳಲು ಮಾತಿದೆಯೆಂದು ನಂಬಲಾಯಿತು. ಈಗ ದಾಂಡೇಲಿ, ಗಣೇಶಗುಡಿಗಳ ಕಡೆ ಬರುವ ಪ್ರವಾಸಿಗರ ಮುಂದೆ ಸಂಜೆಯ ಹೊತ್ತು ಸಿದ್ದಿಗಳು ಡಮಾಮಿ ಬಾರಿಸಿ ಕುಣಿಯುವುದೂ ರೂಢಿಯಾಗಿದೆ. ಅದರಿಂದ ನಾಲ್ಕು ಕಾಸು ಸಿಗುವುದು ನಿಜ, ಅದನ್ನು ಹಳಿಯಬೇಕಾಗಿಯೂ ಇಲ್ಲ. ಮರ ಕೊರೆದು ಚರ್ಮ ಬಿಗಿದು ಮಾಡುವ ಆ ವಾದ್ಯದ ಬಡಿತವನ್ನು ಮಗು ತರಗತಿಯಲ್ಲಿ ಒಮ್ಮೆಯೂ ಕೇಳದೆ ರೆಸಾರ್ಟಿನ ಅಂಗಳದಲ್ಲಷ್ಟೇ ಕೇಳುವುದು ಮಾತ್ರ ಸರಿಯಲ್ಲ.

ಕಲೆಯಿಂದ ಕಲಿಕೆಗೆ ಪ್ರಯೋಜನವಾಗುತ್ತದೆಂಬ ಮಾತನ್ನು ಉತ್ಸಾಹದಲ್ಲಿ ಅತಿಯಾಗಿ ಹೇಳುವವರೂ ಇದ್ದಾರೆ. 2000ದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ ಜೀರೋ’ದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಕಲೆ ಕಲಿತರೆ ಉಳಿದ ವಿಷಯಗಳಲ್ಲೂ ಅಂಕ ಏರುತ್ತದೆಂಬ ನಂಬಿಕೆಗೆ ಆಧಾರ ದುರ್ಬಲವಾಗಿರುವುದು ಕಂಡುಬಂತು. ಕಾರಣ-ಕಾರ್ಯ ಸಂಬಂಧಕ್ಕೆ ಆಧಾರ ದೊರೆತದ್ದು ಮೂರೇ ಕಡೆ. ಅವುಗಳಲ್ಲಿ ಎರಡು ಸಂಗೀತಕ್ಕೂ ಆಕಾರ-ಅವಕಾಶಗಳ ಗ್ರಹಿಕೆಗೂ ಇರುವ ನಂಟಿಗೆ ಸೇರಿದವು, ಮೂರನೆಯದು ತರಗತಿಯೊಳಗಿನ ನಾಟಕಕ್ಕೂ ಭಾಷಾಸಾಮರ್ಥ್ಯಕ್ಕೂ ಇರುವ ನಂಟು. ಕಥೆಯನ್ನು ಓದಿ ಬಿಡುವ ಬದಲು ಆಡಿ ನೋಡಿದ ಮಕ್ಕಳು ಆ ಕಥೆಯನ್ನಷ್ಟೇ ಅಲ್ಲ, ಮುಂದೆ ಎದುರಾಗುವ ಹೊಸ ಪಾಠವನ್ನೂ ಚೆನ್ನಾಗಿ ಗ್ರಹಿಸುತ್ತಾರೆ. ಮನೆಮಾತು ಬೇರೆ, ಶಾಲೆಮಾತು ಬೇರೆ ಆಗಿರುವ ಜೋಯಿಡಾ-ಹಳಿಯಾಳಗಳಿಗೆ ಈ ಮೂರನೆಯ ಫಲಿತಾಂಶದಷ್ಟು ಬೇಕಾದದ್ದು ಇನ್ನೊಂದಿಲ್ಲ. ಮೊದಲ ವರ್ಷಗಳಲ್ಲಿ ಕನ್ನಡದಲ್ಲಿ ಬಾಯಿ ಬಿಡಲು ಅಂಜುವ ಮಗು ನಾಟಕದ ಪಾತ್ರವಾಗಿ ಮಾತಾಡುವಾಗ, ತಪ್ಪಿದರೆ ತಪ್ಪು ಪಾತ್ರದ್ದಾಗುತ್ತದೆ, ಮಗುವಿನದಾಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಕಿರಿಯ ತರಗತಿಗಳಿಗೆ ಹಬ್ಬಿದ ‘ನಲಿ-ಕಲಿ’ ಹಾಡು, ಆಟ, ಚಿತ್ರಗಳಿಗೆ ಜಾಗ ಕೊಟ್ಟದ್ದು ಇದೇ ತಿಳಿವಳಿಕೆಯಿಂದ. ಹೆಗ್ಗಡದೇವನಕೋಟೆಯೂ ಒಂದು ಕಾಡಂಚಿನ ತಾಲ್ಲೂಕೇ. ಆದರೆ ಮೂರನೆಯ ತರಗತಿ ದಾಟಿದೊಡನೆ ಆ ಬಾಗಿಲು ಮುಚ್ಚುತ್ತದೆ.

ಮುಚ್ಚುವುದಕ್ಕೆ ಶಿಕ್ಷಕರ ಅನಾಸಕ್ತಿಯೇ ಕಾರಣವೆನ್ನುವುದು ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು, ಅಂದರೆ ಶಾಲೆಯೊಂದರಲ್ಲಿ ಇರಲೇಬೇಕಾದ ಸೌಕರ್ಯಗಳ ಪಟ್ಟಿಯನ್ನು, ಓದಿದರೆ ಬೇರು ಎಲ್ಲಿದೆಯೆಂದು ತಿಳಿಯುತ್ತದೆ. ಆರರಿಂದ ಎಂಟನೆಯ ತರಗತಿಯ ಶಾಲೆಗಳಲ್ಲಿ ಕಲಾಶಿಕ್ಷಣ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಗಳಿಗೆ ಅರೆಕಾಲಿಕ ಬೋಧಕರಿರಬೇಕು ಎಂದು ಅದು ಹೇಳುತ್ತದೆ, ಆದರೆ ಮಕ್ಕಳ ದಾಖಲಾತಿ 100ನ್ನು ಮೀರಿದ್ದರೆ ಮಾತ್ರ. ಒಂದರಿಂದ ಐದರವರೆಗೆ ಆ ಮಾತೇ ಇಲ್ಲ. ದಾಂಡೇಲಿಯಂಥ ಪಟ್ಟಣದ ಶಾಲೆಗೆ ನೂರರ ಗೆರೆ ದಾಟುವುದು ಕಷ್ಟವಲ್ಲ. ಮನೆಗಳೇ ಚದುರಿರುವ ಜೋಯಿಡಾದ ಕುಣಬಿ ವಾಡೆಯ ಶಾಲೆಗೂ, ಗೌಳಿ ದೊಡ್ಡಿಯ ಶಾಲೆಗೂ ಅದು ಎಂದಿಗೂ ಮುಟ್ಟದ ಸಂಖ್ಯೆ. ಹೀಗೆ ಯಾರ ಮನೆಯಲ್ಲಿ ಹಾಡು, ಕುಣಿತ, ಕೈಕೆಲಸ ಇನ್ನೂ ಉಳಿದಿದೆಯೋ ಅವರ ಶಾಲೆಗೇ ಕಲಾಬೋಧಕರು ಬಾರದಂತೆ ಲೆಕ್ಕ ಕೂತಿದೆ. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಬಯಲಿನ ದೊಡ್ಡ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಲೆಕ್ಕ ಕಾಡಿಗೆ ಹೊಂದಲಿಲ್ಲ, ಅಷ್ಟೆ.

ಹೊಂದಿಸುವ ದಾರಿ ಇದೆ. ಹಲವು ಸಣ್ಣ ಶಾಲೆಗಳನ್ನು ಒಂದು ಘಟಕವೆಂದು ಪರಿಗಣಿಸುವ ‘ಶಾಲಾ ಸಂಕೀರ್ಣ’ದ ವಿಚಾರವನ್ನು 1964-66ರ ಕೊಠಾರಿ ಆಯೋಗವೇ ಮುಂದಿಟ್ಟಿತ್ತು, 2020ರ ನೀತಿ ಅದನ್ನು ಎತ್ತಿಕೊಂಡು, ಸ್ಥಳೀಯ ಕಲೆ-ಕಸುಬು ಬಲ್ಲವರನ್ನು ಬೋಧಕರಾಗಿ ಕರೆತರಲು ಶಾಲೆಗಳಿಗೆ ಉತ್ತೇಜನ ಕೊಡಬೇಕೆಂದೂ ಹೇಳಿತು. ಆ ನೀತಿಯನ್ನು ಒಪ್ಪದ ಕರ್ನಾಟಕ ಸರ್ಕಾರ ತನ್ನದೇ ನೀತಿಗಾಗಿ 2023ರಲ್ಲಿ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ನೀತಿ ಯಾವುದೇ ಇರಲಿ, ಈ ಒಂದು ವಿಷಯದಲ್ಲಿ ತಕರಾರಿಗೆ ಕಾರಣವಿಲ್ಲ. ರಾಜ್ಯದಲ್ಲಿ ಕ್ಲಸ್ಟರ್ ವ್ಯವಸ್ಥೆಯೂ ಸಂಪನ್ಮೂಲ ವ್ಯಕ್ತಿಗಳೂ ಈಗಾಗಲೇ ಇರುವುದರಿಂದ, ಒಂದು ಕ್ಲಸ್ಟರಿನ ಮಕ್ಕಳನ್ನೆಲ್ಲ ಒಟ್ಟಿಗೆ ಎಣಿಸಿ ಬೋಧಕರನ್ನು ಕೊಟ್ಟರೆ ಜೋಯಿಡಾವೂ ನೂರರ ಗೆರೆ ದಾಟುತ್ತದೆ. ಆ ಬೋಧಕರು ಕವಂದಿ ಹೊಲಿಯುವ ಹೆಂಗಸಾಗಿರಬಹುದು, ಡಮಾಮಿ ಕಟ್ಟುವವರಾಗಿರಬಹುದು, ಧಾರವಾಡದ ಕಲಾಶಾಲೆಯಲ್ಲಿ ಕಲಿತು ಬಂದ ಚಿತ್ರಕಲಾ ಶಿಕ್ಷಕರೂ ಆಗಿರಬಹುದು. ಪದವಿ ಇಲ್ಲದವರಿಗೆ ಗೌರವಧನ ಕೊಡಲು ಲೆಕ್ಕಪತ್ರದಲ್ಲಿ ಕಲಮು ಇಲ್ಲವೆಂಬ ಆಕ್ಷೇಪ ಖಂಡಿತ ಬರುತ್ತದೆ. ಅತಿಥಿ ಶಿಕ್ಷಕರಿಗೆ ಕಲಮು ಹುಟ್ಟಿಸಿದ ಇಲಾಖೆಗೆ ಇದು ಅಸಾಧ್ಯವಲ್ಲ. ಆದರೆ ವರ್ಷಕ್ಕೊಮ್ಮೆ ಕರೆಸಿ ಶಾಲು ಹೊದಿಸಿ ಕಳಿಸುವುದರಿಂದ ಪ್ರಯೋಜನವಿಲ್ಲ. ವಾರಕ್ಕೆ ಎರಡು ಅವಧಿಯಾದರೂ ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು, ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಸಾಲ ಕೊಡದಂತಿರಬೇಕು.

ಕಾಯ್ದೆಯ ಅನುಸೂಚಿ ಗೊತ್ತುಮಾಡಿರುವುದು ಕನಿಷ್ಠ ಪ್ರಮಾಣವನ್ನು. ಅದಕ್ಕಿಂತ ಹೆಚ್ಚು ಕೊಡುವುದನ್ನು ಅದು ಎಲ್ಲೂ ತಡೆದಿಲ್ಲ. ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ತಮ್ಮ ಊರಿನಲ್ಲಿ ಏನನ್ನು ಬಲ್ಲವರು ಯಾರಿದ್ದಾರೆಂಬ ಪಟ್ಟಿಯನ್ನು ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಸಿದ್ಧಪಡಿಸಿ, ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಪ್ಪಿಸಬೇಕೆಂಬುದು ಇಲ್ಲಿ ನೆರೆದ ಪಾಲಕರಲ್ಲಿಯೂ ಶಿಕ್ಷಕರಲ್ಲಿಯೂ ಈ ಉಪನ್ಯಾಸದ ವಿನಂತಿ.